ಒಂದೇ ಮಾಳಿಗೆಯ ಕೆಳಗೆ

ಬಳ್ಳಾರಿಯಿಂದ ಹಗರಿಯ ಕಡೆಗೆ ಹೋಗತಕ್ಕ ರಸ್ತೆಯನ್ನು ಹಿಡಿದರೆ, ಪಟ್ಟಣವು ಹಿಂದುಳಿದ ಸ್ವಲ್ಪ ಹೊತ್ತಿನಲ್ಲಿಯೇ ಕಲ್ಲುಗುಡ್ಡಗಳೂ ಹಿಂದುಳಿಯುತ್ತವೆ. ಅನಂತರ ಕಣ್ಣಿಗೆ ಬೀಳುವುದೆಲ್ಲ ಎರೆಯ ಬಯಲು. ಬೇಸಗೆಯಲ್ಲಿ ಕೈ ತೂರುವಷ್ಟು ಅಗಲವಾಗಿ ಬಿರಿಯುವ, ಮಳೆ ಬಿದ್ದರೆ ಎತ್ತಿಟ್ಟ ಹೆಜ್ಜೆಗೆಲ್ಲ ಸೇರು ಮಣ್ಣನ್ನು ಅಂಟಿಸಿ ಕಳುಹುವ ಕಪ್ಪು ನೆಲವದು. ಸುಮಾರು 20 ಕಿಲೋಮೀಟರು ಹೋದ ಮೇಲೆ ಮೋಕ ಎಂಬ ಊರು ಸಿಕ್ಕುವುದು. ಹಗರಿಯ ಹೊಳೆ ಅದರ ನೆರೆಯಲ್ಲಿಯೇ ಇದೆ. ಪುಸ್ತಕಗಳಲ್ಲಿ ವೇದಾವತಿಯೆಂದು ಹೆಸರಾದ ಈ ನದಿಯು ಬಾಬಾಬುಡನ್ ಗಿರಿಗಳ ಕಡೆಯಿಂದ ಹೊರಟು, ಮಾರಿಕಣಿವೆಯ ಕಟ್ಟೆಯಲ್ಲಿ ತಂಗಿ, ಇಲ್ಲಿಗೆ ಬರುವ ವೇಳೆಗೆ ನೀರಿಗಿಂತ ಮರಳನ್ನೇ ಹೆಚ್ಚಾಗಿ ತೋರಿಸುತ್ತದೆ. ಮುಂದೆ ಸಿರುಗುಪ್ಪದ ಸೀಮೆಯಲ್ಲಿ ಅದು ತುಂಗಭದ್ರೆಯನ್ನು ಸೇರುವುದು.

ಮೋಕವು ಯಾತ್ರಿಕರು ಹುಡುಕಿಕೊಂಡು ಬರತಕ್ಕ ಸ್ಥಳವಲ್ಲ. ಕುರುಗೋಡಿನಲ್ಲಿ ದೊಡ್ಡಬಸವೇಶ್ವರನ ಮಹಾಮೂರ್ತಿಯುಂಟು, ಸಿರುಗುಪ್ಪದಲ್ಲಿ ನೆಲ್ಲಿನ ಗದ್ದೆಗಳ ಸಿರಿಯುಂಟು, ಬಳ್ಳಾರಿಯಲ್ಲಿ ಕೋಟೆಯುಂಟು. ಮೋಕಕ್ಕೆ ಹೋಗುವವರು ನೆಂಟರ ಮನೆಗೆ ಹೋಗುತ್ತಾರೆ. ನಾವು ಮಾಘಮಾಸದ ಕೊನೆಯಲ್ಲಿ ಹೋದದ್ದೂ ಹಾಗೆಯೇ, ನಮ್ಮ ಮನೆಯಾಕೆಯ ಸೋದರಮಾವನವರ ಮನೆಗೆ. ಯುಗಾದಿ ಕಳೆದೊಡನೆ ಆ ಹಳೆಯ ಮನೆಯನ್ನು ಕೆಡವಿಸಿ ಆರ್‌.ಸಿ.ಸಿ. ಮನೆಯನ್ನು ಕಟ್ಟಿಸುವುದೆಂದು ಅವರ ಮಗನು ನಿಶ್ಚಯಿಸಿದ್ದನು. ಕೆಡವುವ ಮೊದಲು ಒಮ್ಮೆ ಕಣ್ತುಂಬ ನೋಡಿಬರೋಣವೆಂಬ ಆಸೆ ಮನೆಯಾಕೆಯದು. ಆದರೆ ಅಲ್ಲಿದ್ದ ಮೂರು ದಿನಗಳಲ್ಲಿ ನಮ್ಮ ಮನಸ್ಸನ್ನು ಸೆಳೆದವು ಗೋಡೆಗಳಲ್ಲ. ಆ ಗೋಡೆಗಳೊಳಗೆ ಒಂದನ್ನೊಂದು ಸಹಿಸಿಕೊಂಡು, ಅಲ್ಲ, ಸಹಿಸಿಕೊಂಡು ಎಂದರೆ ಸಾಲದು, ಒಂದನ್ನೊಂದು ಬಯಸಿಕೊಂಡು ಬಾಳುತ್ತಿದ್ದ ಪ್ರಾಣಿಗಳೂ ಗಿಡಮರಗಳೂ ನಮ್ಮ ಮನಸ್ಸನ್ನು ಸೆಳೆದವು.

ಈ ಸೀಮೆಯ ಹಳೆಯ ಮನೆಗಳನ್ನು ಕಾಣದ ವಾಚಕರಿಗಾಗಿ ಅದರ ಕಟ್ಟಡದ ರೀತಿಯನ್ನು ಸ್ವಲ್ಪ ಹೇಳಬೇಕು. ಗೋಡೆಗಳು ಕಲ್ಲುಮಣ್ಣಿನವು, ಒಂದು ಮೊಳಕ್ಕಿಂತಲೂ ದಪ್ಪ. ಮೇಲೆ ಹೆಂಚಿಲ್ಲ, ಇಳಿಜಾರಿಲ್ಲ. ತೊಲೆ, ತೊಲೆಯ ಮೇಲೆ ಜಂತೆ, ಅದರ ಮೇಲೆ ಕಟ್ಟಿಗೆ ಸೊಪ್ಪುಗಳ ಹಾಸು, ಎಲ್ಲಕ್ಕೂ ಮೇಲೆ ಚೌಳುಮಣ್ಣು. ಬೆಳೆಗೆ ಶತ್ರುವಾದ ಈ ಮಣ್ಣು ಮಾಳಿಗೆಗೆ ಮಿತ್ರ; ನೀರು ಬಿದ್ದೊಡನೆ ಉಬ್ಬಿ ಬಿಗಿದುಕೊಂಡು ಸೋರುವ ದಾರಿಯನ್ನು ತಾನೇ ಮುಚ್ಚುವುದು. ಬೆಳಕಿಗೆ ಮಾಳಿಗೆಯಲ್ಲಿ ಒಂದು ಗವಾಕ್ಷಿ. ತಲೆಬಾಗಿಲನ್ನು ದಾಟಿದೊಡನೆ ಎದುರಿಗೆ ಸಿಕ್ಕುವುದು ಬೈಠಕ್ಕಿನ ಕೋಣೆಯಲ್ಲ, ದನ ಕಟ್ಟುವ ಜಾಗ. ಅದರಿಂದ ಮೊಣಕಾಲುದ್ದ ಮೇಲಕ್ಕೆ ಮನುಷ್ಯರ ಪಡಸಾಲೆ. ಇವೆರಡರ ನಡುವೆ ಗೋಡೆಯಿಲ್ಲ. ಮೇವು ಹಾಕುವ ಗ್ವಾದಲಿಯೇ ಎಲ್ಲೆ. ಪಡಸಾಲೆಯ ಅಂಚಿನಲ್ಲಿ ಹಾಸಿಗೆ ಹಾಸಿದವನು ರಾತ್ರಿ ಕೈಚಾಚಿದರೆ ಎತ್ತಿನ ಮೂತಿ ಸಿಕ್ಕುವುದು. ಪಟ್ಟಣದ ಮೂಗಿಗೆ ಮೊದಲ ರಾತ್ರಿ ಇದು ಕಷ್ಟವೇ. ಎರಡನೆಯ ರಾತ್ರಿ ಆ ಮೆಲುಕಿನ ಸದ್ದಿಲ್ಲದೆ ನಿದ್ರೆ ಬಾರದೆಂಬಂತೆ ಆಗುವುದನ್ನು ನಾವು ಅನುಭವದಿಂದ ಬಲ್ಲೆವು.

ಮಾವನವರಲ್ಲಿ ಮೊದಲು ಒಂದು ಜೊತೆ ಎತ್ತುಗಳಿದ್ದುವು. ಎರಡು ವರ್ಷದ ಹಿಂದೆ ಒಂದು ಸತ್ತಿತು. ಉಳಿದ ಎತ್ತಿಗೆ ಬಸವನೆಂದು ಹೆಸರು. ಹೊಲದ ಕೆಲಸವೆಲ್ಲ ಬಾಡಿಗೆಯ ಟ್ರ್ಯಾಕ್ಟರಿನಿಂದ ನಡೆಯುತ್ತಿರುವುದರಿಂದ ಒಂಟಿ ಎತ್ತಿಗೆ ಜೊತೆ ಹುಡುಕುವ ಯೋಚನೆಯನ್ನು ಯಾರೂ ಮಾಡಲಿಲ್ಲ. ದನವು ಹಿಂಡಿನ ಪ್ರಾಣಿ. ಒಂಟಿತನವು ಅದಕ್ಕೆ ಕಾಯಿಲೆಯಿದ್ದಂತೆ. ಬಸವನು ಕೆಲವು ದಿನ ಮೇವು ಮುಟ್ಟದೆ, ಖಾಲಿಯಾದ ಪಕ್ಕದ ಗೂಟವನ್ನೇ ಮೂಸುತ್ತ ನಿಂತನಂತೆ. ಆ ದಿನಗಳಲ್ಲಿಯೇ ಮನೆಯ ಬೆಕ್ಕು ಅವನ ಬಳಿಗೆ ಬಂದದ್ದು.

ಬೆಕ್ಕು ಕನಿಕರದಿಂದ ಬಂದಿತೆಂದು ಹೇಳುವ ಮನಸ್ಸು ನಮಗಿಲ್ಲ. ಗ್ವಾದಲಿಯ ತಳದಲ್ಲಿ ಜೋಳದ ಕಾಳೂ ತೌಡೂ ಉದುರಿರುತ್ತವೆ, ಅದನ್ನರಸಿ ಇಲಿಗಳು ಬರುತ್ತವೆ, ಇಲಿಯನ್ನರಸಿ ಬೆಕ್ಕು. ಅದು ಸುಳಿದಾಡತೊಡಗಿದ ಕಾಲ ಚಳಿಗಾಲ. ದನದ ಮೈಶಾಖವು ಮನುಷ್ಯನದಕ್ಕಿಂತ ಹೆಚ್ಚು, ಸುಮಾರು 38.5 ಡಿಗ್ರಿ, ಮಲಗಿದ ಎತ್ತೆಂದರೆ ಬೆಕ್ಕಿನ ಪಾಲಿಗೆ ಆರದ ಒಲೆ. ಹೀಗೆ ಲೆಕ್ಕಾಚಾರದಿಂದ ಆರಂಭವಾದದ್ದು ಲೆಕ್ಕಾಚಾರದಲ್ಲಿಯೇ ನಿಂತಿದ್ದರೆ ಬರೆಯತಕ್ಕದ್ದೇನೂ ಇರುತ್ತಿರಲಿಲ್ಲ. ಮಾಘದ ಸೆಖೆ ಹತ್ತತೊಡಗಿದ ಮಧ್ಯಾಹ್ನದಲ್ಲಿಯೂ, ಇಲಿಯಿಲ್ಲದ ಹೊತ್ತಿನಲ್ಲಿಯೂ, ಆ ಬೆಕ್ಕು ಎತ್ತಿನ ಮುಂಗಾಲುಗಳ ನಡುವೆಯೇ ಮಲಗಿರುವುದನ್ನು ನಾವು ಕಂಡೆವು. ಎತ್ತು ಮೆಲುಕು ಹಾಕುವುದನ್ನು ನಿಲ್ಲಿಸಿ, ಅರದಂತಹ ತನ್ನ ನಾಲಗೆಯಿಂದ ಒಮ್ಮೆ ಅದನ್ನು ನೆಕ್ಕುವುದು. ಬೆಕ್ಕಿನ ಒಂದು ಪಕ್ಕದ ಕೂದಲೆಲ್ಲ ನೆಟ್ಟಗೆ ನಿಲ್ಲುವುದು. ಅದು ಎದ್ದು, ಅಸಮಾಧಾನದಿಂದ ಮೈಕೊಡವಿ, ಮತ್ತೆ ಅಲ್ಲಿಯೇ ಮಲಗುವುದು. ಎತ್ತು ಏಳುವ ಮೊದಲು ಕಾಲನ್ನು ಮೆಲ್ಲಗೆ ಎಳೆದುಕೊಳ್ಳುತ್ತಿತ್ತು. ಅಷ್ಟು ಭಾರದ ಪ್ರಾಣಿಯು ಅಷ್ಟು ನಿಧಾನವಾಗಿ ಗೊರಸನ್ನು ಊರುವುದನ್ನು ನಾವು ಬೇರೆಲ್ಲಿಯೂ ನೋಡಿಲ್ಲ.

ಮನೆಯ ನಾಯಿಯ ಹೆಸರು ಕರಿಯ. ಹಿಂದಿನ ವರ್ಷ ಮಾವನವರ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸಿದ್ದ ಕುರಿಗಾರನೊಬ್ಬನು, ತಾಯಿ ಸತ್ತು ಹಿಂಡಿನೊಡನೆ ನಡೆಯಲಾರದೆ ಇದ್ದ ಮರಿಯೊಂದನ್ನು ಮೊಮ್ಮಗನ ಕೈಯಲ್ಲಿಟ್ಟು ಹೋದನು. ಹುಡುಗನು ಸೀಸೆಯ ಹಾಲು ಕುಡಿಸಿ ಅದನ್ನು ಬದುಕಿಸಿದನು. ಆಗ ಕರಿಯನೂ ಮರಿಯೇ. ಎರಡನ್ನೂ ರಾತ್ರಿ ಒಂದೇ ಬುಟ್ಟಿಯಡಿ ಮುಚ್ಚುತ್ತಿದ್ದರಂತೆ. ಈಗ ಕುರಿ ಹಿತ್ತಿಲಿನಿಂದ ಬೀದಿಗೆ ಹೊರಟರೆ ನಾಯಿ ಹಿಂದೆಯೇ ಹೊರಡುವುದು. ಬೀದಿಯ ನಾಯಿಗಳು ಬೊಗಳಿದರೆ ಕುರಿ ಬಂದು ಕರಿಯನ ಹಿಂದೆ ನಿಲ್ಲುವುದು. ಇದಕ್ಕಿಂತ ಆಶ್ಚರ್ಯವೆಂದರೆ ಕರಿಯನು ಊರಿನ ಬೇರೆ ಕುರಿಗಳನ್ನು ಕಂಡರೆ ಅಟ್ಟಿಸಿಕೊಂಡು ಹೋಗುತ್ತಾನೆ.

ಆಶ್ಚರ್ಯವೆಂದೆವು; ಆದರೆ ಇದರ ಗುಟ್ಟು ತಿಳಿಯದ್ದೇನಲ್ಲ. ನಾಯಿಮರಿಯು ಹುಟ್ಟಿದ ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗೆ ಯಾರೊಡನೆ ಬೆಳೆಯುವುದೋ ಅವರನ್ನು ತನ್ನವರೆಂದು ಎಣಿಸುತ್ತದೆಂದು ಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ. ಬೆಕ್ಕಿನ ಮರಿಗೆ ಈ ಅವಧಿ ಇನ್ನೂ ಚಿಕ್ಕದು, ಎರಡನೆಯ ವಾರದಿಂದ ಏಳನೆಯ ವಾರದವರೆಗೆ ಮಾತ್ರ. ನಮ್ಮ ಕುರಿಗಾರರಿಗೆ ಇದನ್ನು ಯಾವ ಪುಸ್ತಕವೂ ಹೇಳಿಕೊಡಬೇಕಾಗಿರಲಿಲ್ಲ. ಕುರಿಹಟ್ಟಿಯ ಕಾವಲು ನಾಯಿಯನ್ನು ಅವರು ಕಣ್ಣು ಬಿಟ್ಟಾಗಿನಿಂದ ಹಟ್ಟಿಯಲ್ಲಿಯೇ ಬೆಳೆಸುತ್ತಾರೆ. ಚೀಣಾ ದೇಶದ ಕುಓ ಎಂಬ ವಿದ್ವಾಂಸರು 1930ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಪ್ರಸಿದ್ಧವಾಗಿದೆ. ಇಲಿಯೊಡನೆ ಒಂದೇ ಗೂಡಿನಲ್ಲಿ ಬೆಳೆಸಿದ 18 ಬೆಕ್ಕಿನ ಮರಿಗಳಲ್ಲಿ 3 ಮಾತ್ರ ಮುಂದೆ ಇಲಿಯನ್ನು ಕೊಂದುವು. ಆ ಮೂರೂ ತಮ್ಮೊಡನೆ ಬೆಳೆದ ಜಾತಿಯ ಇಲಿಯನ್ನು ಮುಟ್ಟಲಿಲ್ಲ. ಇಲಿ ಕೊಲ್ಲುವ ತಾಯಿಯನ್ನು ನೋಡುತ್ತ ಬೆಳೆದ ಮರಿಗಳಾದರೋ ಹೆಚ್ಚುಕಡಿಮೆ ಎಲ್ಲವೂ ಕೊಲೆಗಾರರಾದುವು. ಹುಟ್ಟುವೈರವೆಂದು ನಾವು ಗಾದೆಯ ಮಾತಿನಲ್ಲಿ ಹೇಳುವುದರೊಳಗೆ ಕಲಿತ ವೈರ ಎಷ್ಟಿದೆಯೋ!

ಆದರೆ ಗೃಹಸ್ಥರು ಇದನ್ನೋದಿ ಅವಸರಪಡಬಾರದು. ಕರಿಯನ ಸ್ನೇಹ ಆ ಒಂದು ಕುರಿಯೊಡನೆ, ಕುರಿಜಾತಿಯೊಡನೆ ಅಲ್ಲ. ಬೆಕ್ಕಿನ ತಲೆಯ ಮೇಲೆ ಗಿಳಿ ಕುಳಿತಿರುವ ಚಿತ್ರಗಳು ಈಗ ಎಲ್ಲರ ಕೈಯ ಮೊಬೈಲಿನಲ್ಲಿಯೂ ಓಡಾಡುತ್ತವೆ. ಆ ಚಿತ್ರ ತೆಗೆದ ಮರುಗಳಿಗೆಯಲ್ಲಿ ಏನಾಯಿತೆಂದು ಯಾರೂ ತೋರಿಸುವುದಿಲ್ಲ. ಅದೂ ಅಲ್ಲದೆ ನಮ್ಮ ಗಿಳಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಮೋಕದ ಮನೆಯಲ್ಲಿ ಯಾರೂ ಯಾರನ್ನೂ ಸ್ನೇಹಕ್ಕೆಂದು ಕೂಡಿಹಾಕಿರಲಿಲ್ಲ. ಬಂದವು, ಇದ್ದವು, ಅಷ್ಟೇ.

ಹಾಗೆ ಬಂದವರಲ್ಲಿ ನೆರೆಮನೆಯ ಸಾಹೇಬರ ಕೋಳಿಯೂ ಒಂದು. ಎರಡು ಹಿತ್ತಿಲುಗಳ ನಡುವಿನ ಮಣ್ಣಿನ ಗೋಡೆಯಲ್ಲಿ ಒಂದು ಗಂಡಿಯಿದೆ. ಬೆಳಗಿನ ಹತ್ತು ಗಂಟೆಯ ಹೊತ್ತಿಗೆ ಕೋಳಿ ಆ ಗಂಡಿಯಲ್ಲಿ ನುಸುಳಿ, ಹಿತ್ತಿಲನ್ನು ದಾಟಿ, ನಡುಮನೆಯ ಮೂಲಕ ಗಂಭೀರವಾಗಿ ನಡೆದು, ಗ್ವಾದಲಿಯ ಮೂಲೆಯ ಮೇವಿನಲ್ಲಿ ಮೊಟ್ಟೆಯಿಟ್ಟು, ಊರಿಗೆಲ್ಲ ಸಾರಿ ಹೊರಟು ಹೋಗುವುದು. ನಮ್ಮ ಅತ್ತೆಯವರು ಮೊಟ್ಟೆಯನ್ನು ಕೈಯಿಂದ ಮುಟ್ಟುವವರಲ್ಲ. ಮೊದಮೊದಲು ಕೋಳಿಯನ್ನು ಪೊರಕೆಯಿಂದ ಅಟ್ಟಿ ನೋಡಿದರಂತೆ. ಎತ್ತೂ ಬೆಕ್ಕೂ ಒಪ್ಪಿಕೊಂಡ ಅತಿಥಿಯನ್ನು ಅಟ್ಟುವುದು ಸಾಧ್ಯವಾಗಲಿಲ್ಲ. ಈಗ ಮೊಮ್ಮಗನು ದಿನವೂ ಮೊಟ್ಟೆಯನ್ನು ಒಯ್ದು ಗಂಡಿಯ ಬಳಿ ನಿಂತು ಕೂಗುತ್ತಾನೆ. ಆಚೆಯಿಂದ ಒಂದು ಕೈ ಬರುವುದು. ಬರಿಗೈಯಲ್ಲಿ ಹಿಂದಿರುಗಿಸಬಾರದೆಂದು ಆ ಕೈಯಲ್ಲಿ ಒಮ್ಮೆ ನಾಲ್ಕು ನಿಂಬೆಹಣ್ಣು, ಒಮ್ಮೆ ಒಂದು ಹಿಡಿ ಮೆಂತ್ಯದ ಸೊಪ್ಪು. ಯುಗಾದಿಗೆ ಈಚೆಯಿಂದ ಹೋಳಿಗೆ ಹೋಗುವುದು. ರಂಜಾನಿಗೆ ಆಚೆಯಿಂದ ಖರ್ಜೂರ ಬರುವುದು.

“ಹದಿನೈದು ವರ್ಷ ಬಾಜೂಕ ಇದ್ದೀವ್ರಿ, ಒಬ್ಬರಿಗೊಬ್ಬರು ಮಾತಾಡಿದ್ದು ಕಡಿಮಿ,” ಎಂದರು ಅತ್ತೆಯವರು. “ಈ ಕೋಳಿ ಬಂದಮ್ಯಾಲೆ ದಿನಾ ಮಾತು.”

ಇನ್ನು ಗಿಡಗಳ ವಿಷಯ. ಹಿತ್ತಿಲಿನ ನಡುವೆ ಒಂದು ದೊಡ್ಡ ಬೇವಿನಮರವಿದೆ. ನೆಟ್ಟವರು ಯಾರೆಂದು ಕೇಳಿದೆವು. “ನಾವ್ಯಾರೂ ಹಚ್ಚಿಲ್ರಿ, ಕಾಗಿ ಹಚ್ಚಿದ್ದು,” ಎಂಬ ಉತ್ತರ ಬಂದಿತು. ಅದು ತಮಾಷೆಯ ಮಾತಲ್ಲ. ಮಳೆಗಾಲದ ಆರಂಭದಲ್ಲಿ ಬೇವಿನ ಹಣ್ಣು ಮಾಗಿದಾಗ ಕಾಗೆ, ಗೊರವಂಕ, ಬಾವಲಿಗಳು ತಿರುಳನ್ನು ತಿಂದು ಬೀಜವನ್ನು ಎಲ್ಲೆಂದರಲ್ಲಿ ಉದುರಿಸುತ್ತವೆ. ಬಳ್ಳಾರಿ ಸೀಮೆಯ ಬೇವಿನ ನೆರಳಿನಲ್ಲಿ ನಾವು ಕುಳಿತಾಗಲೆಲ್ಲ ಯಾವುದೋ ಕಾಗೆಯ ಊಟದ ಋಣದಲ್ಲಿ ಕುಳಿತಿರುತ್ತೇವೆ. 40 ಡಿಗ್ರಿಯನ್ನು ಮೀರುವ ಬೇಸಗೆಯಲ್ಲಿ ಈ ಮನೆಯ ಬೆಕ್ಕು, ನಾಯಿ, ಕುರಿ, ಕೋಳಿ, ಮನುಷ್ಯರು ಎಲ್ಲರೂ ಮಧ್ಯಾಹ್ನವನ್ನು ಕಳೆಯುವುದು ಆ ಒಂದೇ ಮರದಡಿ. ನೆರಳು ಸರಿದಂತೆ ಅವರೆಲ್ಲರೂ ಸರಿಯುತ್ತಾರೆ. ನೆರಳು ಕಿರಿದಾದಷ್ಟೂ ಹತ್ತಿರವಾಗುತ್ತಾರೆ. ಅದೇ ಮರದ ಒಣ ಎಲೆಯನ್ನು ಅತ್ತೆಯವರು ಜೋಳದ ಕಣಜಕ್ಕೆ ಹುಳು ಹತ್ತದಂತೆ ಬೆರೆಸುತ್ತಾರೆ.

ಬಚ್ಚಲ ನೀರು ಹರಿಯುವ ಕಡೆ ಗರಿಕೆಯೂ ಕರಿಬೇವೂ ಬೆಳೆದಿವೆ. ಗರಿಕೆಗೆ ಇಲ್ಲಿ ಇಬ್ಬರು ಭಕ್ತರು: ಗಣಪತಿಯ ಪೂಜೆಗೆಂದು ಕೀಳುವ ಅತ್ತೆಯವರು, ಮತ್ತು ಬೆಳಿಗ್ಗೆ ಬಂದು ಆಯ್ದು ಆಯ್ದು ಮೇಯುವ ಕರಿಯ. ನಾಯಿಯೂ ಬೆಕ್ಕೂ ಹುಲ್ಲು ತಿನ್ನುವುದನ್ನು ಕಂಡು ರೋಗವೆಂದು ಹೆದರುವವರುಂಟು. ಆರೋಗ್ಯವಂತ ಪ್ರಾಣಿಗಳೂ ಅದನ್ನು ತಿನ್ನುತ್ತವೆ. ಕರಿಬೇವಿನ ಎಲೆಯ ಮೇಲೆ ಹಸುರು ಕಂಬಳಿಹುಳುಗಳು ಕುಳಿತಿದ್ದುವು. ಮೊಮ್ಮಗನು ಕಡ್ಡಿಯಿಂದ ಮುಟ್ಟಿ ತೋರಿಸಿದನು. ಹುಳು ತಲೆಯ ಹಿಂದಿನಿಂದ ಕವಲೊಡೆದ ಕೊಂಬಿನಂತಹದೊಂದನ್ನು ಫಕ್ಕನೆ ಹೊರಚಾಚಿ ಕಟುವಾದ ನಾತವನ್ನು ಬಿಟ್ಟಿತು. ಅವು ನಿಂಬೆಚಿಟ್ಟೆಯ ಮರಿಗಳು. ಒಗ್ಗರಣೆಗೆ ಎಲೆ ಉಳಿಯುವುದಿಲ್ಲವೆಂದು ಸೊಸೆಯು ಗೊಣಗಿದರೂ ಅವುಗಳನ್ನು ಕಿತ್ತೆಸೆಯುವುದಿಲ್ಲ. ಚಿಟ್ಟೆಯಾಗುವುದನ್ನು ನೋಡಬೇಕೆಂದು ಮಗನು ಹಟ ಹಿಡಿದಿದ್ದಾನೆ.

ಎಲ್ಲಕ್ಕಿಂತ ವಿಚಿತ್ರವಾದದ್ದು ಬೆಕ್ಕಿಗೂ ಕುಪ್ಪಿಗಿಡಕ್ಕೂ ಇರುವ ಸಂಬಂಧ. ಕುಪ್ಪಿಗಿಡವು ಯಾರೂ ಬಿತ್ತದೆ ಹಿತ್ತಿಲುಗಳಲ್ಲಿ ಬೆಳೆಯುವ ಕಳೆ. ಹಳ್ಳಿಯ ಮದ್ದಿನಲ್ಲಿ ಅದರ ಎಲೆಗೆ ಹೆಸರುಂಟು. ಗಿಡವು ನೆಲದಲ್ಲಿ ನಿಂತಿರುವವರೆಗೆ ಬೆಕ್ಕು ಅದನ್ನು ತಿರುಗಿಯೂ ನೋಡದು. ಅತ್ತೆಯವರು ತುಳಸೀಕಟ್ಟೆಯ ಬುಡದಲ್ಲಿ ಕಳೆ ತೆಗೆಯುತ್ತ ಒಂದು ಕುಪ್ಪಿಗಿಡವನ್ನು ಬೇರುಸಹಿತ ಕಿತ್ತು ಹಾಕಿದರು. ಗ್ವಾದಲಿಯಲ್ಲಿ ಮಲಗಿದ್ದ ಬೆಕ್ಕು ಅದು ಹೇಗೆ ಅರಿತಿತೋ, ಓಡಿಬಂದು ಆ ಬೇರನ್ನು ಮುಂಗಾಲುಗಳಿಂದ ಅಪ್ಪಿಕೊಂಡು, ಕಚ್ಚಿ, ಅದರ ಮೇಲೆ ಉರುಳಾಡಿ, ಜೊಲ್ಲು ಸುರಿಸಿ, ಕಾಲುಗಂಟೆ ತನ್ನ ಮಾನಮರ್ಯಾದೆಯನ್ನೆಲ್ಲ ಮರೆಯಿತು. ಅನಂತರ ಎದ್ದು, ಏನೂ ನಡೆಯದಂತೆ ಎತ್ತಿನ ಬಳಿಗೆ ಹೋಯಿತು. ಹಸಿ ಬೇರಿನ ವಾಸನೆಯೇ ಇದಕ್ಕೆ ಕಾರಣ. ಯುರೋಪಿನವರ ಮನೆಗಳಲ್ಲಿ ಬೆಕ್ಕಿಗೆಂದೇ ಬೆಳೆಸುವ ಪುದೀನದ ಜಾತಿಯ ಗಿಡವೊಂದಿದೆ. ನಮ್ಮ ಹಿತ್ತಿಲುಗಳಲ್ಲಿ ಅದೇ ಕೆಲಸವನ್ನು ಈ ಕಳೆ ಬಿಟ್ಟಿಯಾಗಿ ಮಾಡುತ್ತದೆ.

ಎಲ್ಲ ಗಿಡಗಳೂ ಹೀಗೆ ಒಳ್ಳೆಯವಲ್ಲ. ಪೂಜೆಯ ಹೂವಿಗೆಂದು ಮೂಲೆಯಲ್ಲಿ ಬೆಳೆಸಿದ ಕಣಗಿಲೆಯ ಸುತ್ತ ಅತ್ತೆಯವರು ಜಾಲಿಯ ಮುಳ್ಳನ್ನು ಕಟ್ಟಿದ್ದಾರೆ. ಅದರ ಎಲೆ, ಹೂವು, ತೊಗಟೆ ಎಲ್ಲವೂ ವಿಷ. ಕುರಿಯೇನು, ಎತ್ತನ್ನೂ ಕೆಡಹಬಲ್ಲದು. ಕಣಗಿಲೆಯನ್ನು ಬೆಳೆಸುವ ಎಲ್ಲ ಮನೆಗಳವರೂ ಈ ಮುಳ್ಳನ್ನು ನೆನಪಿನಲ್ಲಿಟ್ಟುಕೊಳ್ಳುವುದು ಲೇಸು.

ಬೇವಿನ ಕವಲಿನಲ್ಲಿ ಇನ್ನೊಂದು ಸಂಗತಿ ನಡೆದಿತ್ತು. ಅಲ್ಲಿ ಹಕ್ಕಿಯೊಂದು ಬಿಟ್ಟುಹೋದ ಬೀಜದಿಂದ ಅಶ್ವತ್ಥದ ಸಸಿಯೊಂದು ಮೊಳಕಾಲೆತ್ತರ ಬೆಳೆದಿತ್ತು. ಅಶ್ವತ್ಥಕ್ಕೂ ಬೇವಿಗೂ ಮದುವೆ ಮಾಡಿಸಿ ಕಟ್ಟೆ ಕಟ್ಟಿಸಿ ನಾಗರಕಲ್ಲು ನಿಲ್ಲಿಸುವುದು ನಮ್ಮ ನಾಡಿನಲ್ಲೆಲ್ಲ ಇರುವ ಪದ್ಧತಿ. ತಾವಾಗಿಯೇ ಕೂಡಿದ ಜೋಡಿಯೆಂದು ಅತ್ತೆಯವರಿಗೆ ಅದರ ಮೇಲೆ ಬಹಳ ಪ್ರೀತಿ. ಆದರೆ ನಮ್ಮ ಅಭಿಪ್ರಾಯ ಬೇರೆ. ಪಕ್ಕಪಕ್ಕದಲ್ಲಿ ನೆಲದಲ್ಲಿ ನೆಟ್ಟ ಅಶ್ವತ್ಥ ಬೇವುಗಳು ದಂಪತಿಗಳಂತೆ ಬಾಳಬಹುದು. ಕವಲಿನಲ್ಲಿ ಹುಟ್ಟಿದ ಅಶ್ವತ್ಥವು ಬೇರನ್ನು ಕೆಳಕ್ಕಿಳಿಸಿ, ದಪ್ಪವಾಗುತ್ತ, ಹೊತ್ತ ಮರವನ್ನೇ ಸೀಳುವುದು; ಗೋಡೆಯಲ್ಲಿ ಹುಟ್ಟಿದರೆ ಗೋಡೆಯನ್ನು ಸೀಳುವುದು. ನೋಟಕ್ಕೆ ಅದೂ ಆಲಿಂಗನವೇ. ಎತ್ತಿನ ಕಾಲುಗಳ ನಡುವೆ ಮಲಗಿದ ಬೆಕ್ಕನ್ನು ಕಂಡ ಕಣ್ಣಿಗೆ ಇದೂ ಹಾಗೆಯೇ ತೋರಬಹುದು. ಅದಕ್ಕೇ ಇಷ್ಟು ಹೇಳಬೇಕಾಯಿತು.

ಸಾಯಂಕಾಲ ಪಡಸಾಲೆಯಲ್ಲಿ ಕುಳಿತಾಗ ಮಾತು ಹಳೆಯ ಮನೆಯ ಕಡೆಗೆ ತಿರುಗಿತು. ಈ ಮಾಳಿಗೆಯ ವಯಸ್ಸೆಷ್ಟೆಂದು ಮಾವನವರಿಗೆ ತಿಳಿಯದು. ಅವರ ಅಜ್ಜ ಹುಟ್ಟಿದ್ದು ಇಲ್ಲಿಯೇ. ಆದರೆ ಮನುಷ್ಯನೂ ದನವೂ ಒಂದೇ ಕಡೆ ಮಲಗುವ ಈ ಪದ್ಧತಿಯ ವಯಸ್ಸನ್ನು ನೋಡಬೇಕಾದರೆ ಬಳ್ಳಾರಿಯ ಹತ್ತಿರದ ಸಂಗನಕಲ್ಲಿನ ಗುಡ್ಡಗಳಿಗೆ ಹೋಗಬೇಕು. ಅಲ್ಲಿ ನಾಲ್ಕು ಸಾವಿರ ವರ್ಷಗಳ ಹಿಂದೆ ನಯಗೊಳಿಸಿದ ಕಲ್ಲಿನ ಕೊಡಲಿಗಳನ್ನು ಮಾಡಿಕೊಂಡಿದ್ದ ಜನ ದನ, ಕುರಿ, ಆಡುಗಳನ್ನು ಸಾಕಿದ್ದರು. ಹುರಳಿ, ಹೆಸರು, ಕೊರಲೆಗಳನ್ನು ಬೆಳೆದಿದ್ದರು. ಬಿ. ಸುಬ್ಬರಾವ್ ಅವರು ಅಲ್ಲಿ ಅಗೆದು ಕಂಡದ್ದನ್ನು 1948ರಲ್ಲಿಯೇ ಪ್ರಕಟಿಸಿದ್ದಾರೆ. ನೆರೆಯ ಕಪ್ಪಗಲ್ಲಿನ ಬಂಡೆಗಳ ಮೇಲೆ ಕೊಂಬಿನ ಎತ್ತುಗಳ ಚಿತ್ರಗಳನ್ನು ಕುಟ್ಟಿ ಕೆತ್ತಿದ್ದಾರೆ. ಹೊಸಪೇಟೆಯ ದಾರಿಯ ಕುಡಿತಿನಿಯಲ್ಲಿ ಇರುವ ಬೂದಿಯ ದಿಬ್ಬವು ಯಾವ ರಾಕ್ಷಸನ ಚಿತೆಯೂ ಅಲ್ಲ. ತಲೆಮಾರುಗಳ ಕಾಲ ದೊಡ್ಡಿಯಲ್ಲಿ ಕೂಡಿದ ಸಗಣಿಯನ್ನು ಸುಟ್ಟ ಬೂದಿ ಅದು.

ಬೆಕ್ಕು ಮಾತ್ರ ಆ ಕಾಲದ ಒಕ್ಕಲಲ್ಲ. ಅದು ಪಶ್ಚಿಮದಲ್ಲಿ ಕಾಳಿನ ಕಣಜಗಳ ಇಲಿಯನ್ನರಸಿ ಮನುಷ್ಯನ ಬಳಿಗೆ ಬಂದ ಪ್ರಾಣಿ. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದೆ ಮನುಷ್ಯನ ಪಕ್ಕದಲ್ಲಿಯೇ ಹೂಳಿದ್ದ ಬೆಕ್ಕೊಂದರ ಎಲುಬುಗಳು ದೊರೆತ ಸುದ್ದಿ 2004ರಲ್ಲಿ ಪ್ರಕಟವಾಯಿತು. ಅಂತೂ ಮೋಕದ ಬೆಕ್ಕು ಗ್ವಾದಲಿಗೆ ಬಂದ ದಾರಿಯೂ ಅದರ ಪೂರ್ವಜರು ಬಂದ ದಾರಿಯೂ ಒಂದೇ.

ಇವೆಲ್ಲವನ್ನೂ ಕೇಳಿ ಮಗನು ನಕ್ಕನು. ಅವನು ಅವಿವೇಕಿಯಲ್ಲ, ಅವನ ಪಕ್ಷವನ್ನೂ ವಾಚಕರು ಕೇಳಬೇಕು. ಚೌಳುಮಣ್ಣು ಹೊದಿಸುವ ಆಳುಗಳು ಈಗ ಸಿಕ್ಕುವುದಿಲ್ಲ. ಎರಡು ಮಳೆಗಾಲಗಳಿಂದ ಮಾಳಿಗೆ ಸೋರುತ್ತಿದೆ. ಒಂದು ತೊಲೆಗೆ ಗೆದ್ದಲು ಹತ್ತಿದೆ. ಮಣ್ಣಿನ ಮಾಳಿಗೆ ಕುಸಿದು ಮಲಗಿದವರು ಅಡಿಯಾದ ಸುದ್ದಿ ಪ್ರತಿ ಮಳೆಗಾಲದಲ್ಲಿಯೂ ಈ ಕಡೆಯ ಪತ್ರಿಕೆಗಳಲ್ಲಿ ಬರುತ್ತದೆ. ಒಳಗೆ ದನವಿದ್ದರೆ ನೊಣ, ಸೊಳ್ಳೆ. ಅವನ ಹೆಂಡತಿಗೆ ಪಡಸಾಲೆಯನ್ನು ಸಾರಿಸಿ ಸಾರಿಸಿ ಬೆನ್ನುನೋವು. ಇದಾವುದೂ ಸುಳ್ಳಲ್ಲ.

“ಮನಿ ಕೆಡವಬ್ಯಾಡ ಅಂತ ನಾನೂ ಅನ್ನಂಗಿಲ್ಲ, ಅಳಿಯಂದ್ರೆ,” ಎಂದರು ಮಾವನವರು. “ಆದ್ರ ಹೊಸಾ ಮನಿ ನಕ್ಷಾದಾಗ ಇವಕ್ಕೆಲ್ಲ ಜಾಗ ಎಲ್ಲೈತಿ ಕೇಳ್ರಿ.”

ನಕ್ಷೆಯನ್ನು ತರಿಸಿ ನೋಡಿದೆವು. ಹಾಲು, ಎರಡು ಮಲಗುವ ಕೋಣೆ, ಅಡಿಗೆಮನೆ, ಮುಂದೆ ಮೋಟಾರುಬೈಕು ನಿಲ್ಲಿಸುವ ಜಾಗ. ಬೇವಿನ ಮರವಿದ್ದಲ್ಲಿ ಹಿಂದಿನ ಕೋಣೆಯ ಮೂಲೆ ಬಂದಿತ್ತು. ಹಿತ್ತಿಲಿನ ಸುತ್ತ ಆಳೆತ್ತರದ ಇಟ್ಟಿಗೆಯ ಗೋಡೆ. ಎತ್ತಿನ ಹೆಸರೇ ಇಲ್ಲ. ಆ ಕಾಗದವನ್ನು ನೋಡುತ್ತಿದ್ದಂತೆ ನಮಗೆ ಒಂದು ಮಾತು ಸ್ಪಷ್ಟವಾಯಿತು. ಬೆಕ್ಕಿಗೂ ಎತ್ತಿಗೂ ಸ್ನೇಹವಾದದ್ದು ಅವುಗಳ ಸ್ವಭಾವದ ಹಿರಿಮೆಯಿಂದ ಮಾತ್ರವಲ್ಲ, ನಡುವೆ ಗೋಡೆಯಿಲ್ಲದ ಗ್ವಾದಲಿಯಿಂದ. ಅತ್ತೆಯವರಿಗೂ ನೆರೆಯವರಿಗೂ ಮಾತು ಬೆಳೆದದ್ದು ಮಣ್ಣುಗೋಡೆಯ ಗಂಡಿಯಿಂದ. ಜಂತೆಯ ಸಂದಿನಲ್ಲಿ ಗೂಡು ಕಟ್ಟಿದ್ದ ಗುಬ್ಬಿಗಳಿಗೆ ನುಣ್ಣನೆಯ ಸಿಮೆಂಟಿನ ತಾರಸಿಯಲ್ಲಿ ಕಾಲೂರಲು ಎಡೆಯಿರದು. ಮನೆಯನ್ನು ಕಟ್ಟುವ ಮೇಸ್ತ್ರಿಯು ತನಗೆ ತಿಳಿಯದೆಯೇ ಯಾರು ಯಾರೊಡನೆ ಬಾಳಬೇಕೆಂಬುದನ್ನೂ ಕಟ್ಟಿರುತ್ತಾನೆ.

ಇದನ್ನು ನಾವು ಮಗನಿಗೆ ಹೇಳಿದೆವು. ಅವನು ಉತ್ತರ ಕೊಡಲಿಲ್ಲ. ಮರುದಿನ ಮೇಸ್ತ್ರಿಯು ಹಗ್ಗವನ್ನೂ ಸುಣ್ಣದ ಪುಡಿಯನ್ನೂ ತಂದು ಪಾಯದ ಗೆರೆ ಎಳೆಯಲು ಬಂದಾಗ, ಹಿಂದಿನ ಕೋಣೆಯನ್ನು ಮೂರು ಅಡಿ ಕಿರಿದು ಮಾಡಿದರೆ ಏನಾಗುವುದೆಂದು ಅವನೇ ವಿಚಾರಿಸಿದನು. ಬೇವಿನ ಬೇರು ಪಾಯವನ್ನು ಎತ್ತುವುದೆಂದು ಮೇಸ್ತ್ರಿಯು ತಲೆಯಾಡಿಸಿದನು. ಕೊನೆಗೆ ಕೋಣೆಯನ್ನು ಐದು ಅಡಿ ಹಿಂದಕ್ಕೆ ಸರಿಸುವುದೆಂದಾಯಿತು. ಕವಲಿನ ಅಶ್ವತ್ಥವನ್ನು ಮಾವನವರೂ ನಾವೂ ಕೂಡಿ, ಬೇರಿಗೆ ನೋವಾಗದಂತೆ ಬಿಡಿಸಿ, ಒದ್ದೆಯ ಗೋಣಿಯಲ್ಲಿ ಸುತ್ತಿ ಒಯ್ದು, ಊರಹೊರಗೆ ಬಯಲಿನಲ್ಲಿ ನೆಟ್ಟು ಬಂದೆವು. ಅತ್ತೆಯವರು ಅದಕ್ಕೆ ಅರಿಸಿನ ಕುಂಕುಮ ಹಚ್ಚಿದರು. ಪಕ್ಕದಲ್ಲಿ ಒಂದು ಬೇವಿನ ಸಸಿಯನ್ನೂ ನೆಡಬೇಕೆಂದು ಅವರ ಅಪೇಕ್ಷೆ. ಆ ಕೆಲಸ ಮಳೆಗಾಲಕ್ಕೆ ಉಳಿದಿದೆ.

ಹಿತ್ತಿಲಿನ ಗೋಡೆಯ ವಿಷಯದಲ್ಲಿ ಅತ್ತೆಯವರು ಮೇಸ್ತ್ರಿಯೊಡನೆ ತಾವೇ ಮಾತಾಡಿದರು. ಕೆಳಗಿನ ವರಸೆಯಲ್ಲಿ ಎರಡು ಇಟ್ಟಿಗೆಯಷ್ಟು ಜಾಗವನ್ನು ಬಿಡಬೇಕೆಂದು ಕೇಳಿದರು. ನೀರು ಹೋಗಲಿಕ್ಕೇ ಎಂದು ಅವನು ಕೇಳಿದ್ದಕ್ಕೆ, ಕೋಳಿ ಬರಲಿಕ್ಕೆ ಎಂದರು. ಅವನು ನಕ್ಕು ಗುರುತು ಹಾಕಿಕೊಂಡನು.

ಎತ್ತಿನ ಮಾತು ಮಾತ್ರ ನಾವಿರುವವರೆಗೆ ತೀರಲಿಲ್ಲ. ಮಾರುವುದಿಲ್ಲವೆಂದು ಮಗನು ಒಪ್ಪಿದನು. ಆದರೆ ಹೊಸಮನೆಯೊಳಗೆ ದನ ಕಟ್ಟುವುದಕ್ಕೆ ಸೊಸೆಯು ಒಪ್ಪಲಿಲ್ಲ, ಒಪ್ಪಬೇಕೆಂದು ಹೇಳುವ ಹಕ್ಕು ನಮಗೂ ಇರಲಿಲ್ಲ. ಹಿತ್ತಿಲಿನಲ್ಲಿ ತಗಡಿನ ಚಪ್ಪರ ಹಾಕುವುದೆಂದು ಒಂದು ಸಲಹೆ. ಬಳ್ಳಾರಿಯ ಬಿಸಿಲಿನಲ್ಲಿ ತಗಡಿನಡಿ ಎತ್ತೂ ನಿಲ್ಲಲಾರದು, ಬೆಕ್ಕೂ ಮಲಗಲಾರದು ಎಂದು ಮಾವನವರ ಆಕ್ಷೇಪ. ಜೋಳದ ದಂಟಿನ ಹೊದಿಕೆಯಾದರೆ ತಂಪಾಗಿರುವುದು, ಆದರೆ ವರ್ಷವರ್ಷವೂ ಹೊಸದಾಗಿ ಹೊದಿಸಬೇಕು. ಹೊದಿಸುವವರು ಯಾರು ಎಂಬಲ್ಲಿಗೆ ಮಾತು ನಿಂತಿತು. ಹಳೆಯ ಗ್ವಾದಲಿಯ ಕಲ್ಲುಗಳನ್ನು ಒಡೆಯದೆ ಎತ್ತಿಡಬೇಕೆಂದು ಮಾವನವರು ಮೇಸ್ತ್ರಿಗೆ ಹೇಳಿದ್ದಾರೆ. ಬೇವಿನ ಮರದಡಿ, ಮಧ್ಯಾಹ್ನದ ನೆರಳು ಬೀಳುವ ಕಡೆ, ಅವುಗಳನ್ನು ಜೋಡಿಸಲು ಎಂಟು ಅಡಿ ನೆಲವನ್ನು ಅಳೆದು, ನಾಲ್ಕು ಮೂಲೆಗಳಲ್ಲಿಯೂ ಗೂಟ ಬಡಿದಿದ್ದಾರೆ.